ಮನೆಯಲ್ಲೇ ಲೆಕ್ಕಪತ್ರದ ಕೆಲಸ: ನಾಲ್ಕಡಿ ಟೇಬಲ್‌ಗೆ ಯಾವ ಟ್ರೇ, ಯಾವ ಸ್ಟ್ಯಾಂಡ್?

ದಾವಣಗೆರೆ_ಲೆಕ್ಕ

ಎಲ್ಲರಿಗೂ ನಮಸ್ಕಾರ. ನಾನು ಮನೆಯಿಂದಲೇ ಸಣ್ಣ ವ್ಯಾಪಾರಿಗಳ ಲೆಕ್ಕ ಬರೆಯುತ್ತೇನೆ, ಜಿಎಸ್‌ಟಿ ರಿಟರ್ನ್ ಸಲ್ಲಿಸುತ್ತೇನೆ. ಬಟ್ಟೆ ಅಂಗಡಿ, ಹಾರ್ಡ್‌ವೇರ್, ಮೆಡಿಕಲ್ ಸ್ಟೋರ್, ಹೋಟೆಲ್, ಹೀಗೆ ಹದಿನೈದರಷ್ಟು ಗಿರಾಕಿಗಳಿದ್ದಾರೆ. ಅವರ ಬಿಲ್ಲುಗಳು ಬರುವುದು ಕ್ಯಾರಿ ಬ್ಯಾಗಿನಲ್ಲಿ. ಕೆಲವು ಎ4 ಹಾಳೆ, ಕೆಲವು ಅಂಗೈ ಅಗಲದ ಚೀಟಿ, ಕೆಲವು ಉದ್ದನೆಯ ಹಳೇ ಕಾಗದ.

ಟೇಬಲ್ ನಾಲ್ಕಡಿ ಉದ್ದ, ಎರಡಡಿ ಅಗಲ. ಒಂದು ಡ್ರಾಯರ್ ಇದೆ. ತಲೆ ಮೇಲೆ ಫ್ಯಾನ್. ಲ್ಯಾಪ್‌ಟಾಪ್ ಇಟ್ಟ ಮೇಲೆ ಬರೆಯಲು ಜಾಗವೇ ಉಳಿಯುವುದಿಲ್ಲ. ತಿಂಗಳ ಮೊದಲ ಇಪ್ಪತ್ತು ದಿನ ಅಂತೂ ಟೇಬಲ್ ಬಣ್ಣ ಯಾವುದು ಅಂತ ಕಾಣಲ್ಲ.

ಆನ್‌ಲೈನ್‌ನಲ್ಲಿ ನೋಡಿದರೆ ಜಾಲರಿಯ ಕಬ್ಬಿಣದ್ದು, ಮರದ್ದು, ಅಕ್ರಿಲಿಕ್, ಪ್ಲಾಸ್ಟಿಕ್, ಎಲ್ಲಾ ಇದೆ. ಒಬ್ಬೊಬ್ಬ ಗಿರಾಕಿಗೆ ಒಂದೊಂದು ಟ್ರೇ ಅಂತ ಇಡೋಣ ಅಂದುಕೊಂಡಿದ್ದೇನೆ. 1,500 ರೂಪಾಯಿ ಒಳಗೆ ಏನು ತಗೊಳ್ಳಬಹುದು? ದಿನವೂ ಕಾಗದದ ಜೊತೆ ಕೆಲಸ ಮಾಡುವವರು ಹೇಳಿದರೆ ಒಳ್ಳೆಯದು.

ತುಮಕೂರು_ಟಪಾಲು

ಮೇಡಂ, ನಾನು ಸರ್ಕಾರಿ ಕಚೇರಿಯಲ್ಲಿ ವಿಷಯ ನಿರ್ವಾಹಕನಾಗಿ ಕೆಲಸ ಮಾಡಿ ನಿವೃತ್ತನಾದವನು. ಕಾಗದದ ಜೊತೆಯೇ ಬದುಕು ಕಳೆದಿದೆ. ಒಂದು ಮಾತು ಮೊದಲೇ ಹೇಳುತ್ತೇನೆ. ಗಿರಾಕಿಗೊಂದು ಟ್ರೇ ಬೇಡ. ಹದಿನೈದು ಟ್ರೇ ಇಟ್ಟರೆ ಹದಿನೈದು ಕಡೆ ನೋಡಬೇಕು. ಯಾವುದರಲ್ಲಿ ಕೆಲಸ ಬಾಕಿ ಇದೆ ಅಂತ ಹೊರಗಿನಿಂದ ಗೊತ್ತಾಗುವುದಿಲ್ಲ.

ಕಚೇರಿಯಲ್ಲಿ ಕಾಗದ ಹೇಗೆ ನಡೆಯುತ್ತಿತ್ತು ಅಂದರೆ, ಟಪಾಲು ಬಂತು, ಕಡತಕ್ಕೆ ಸೇರಿತು, ಟಿಪ್ಪಣಿ ಬರೆದೆವು, ಮೇಲಿನವರಿಗೆ ಹೋಯಿತು, ವಿಲೇವಾರಿ ಆಯಿತು. ಮೇಜಿನ ಮೇಲೆ ಇರಬೇಕಾದ ವಿಂಗಡಣೆ ಇದು. ಕಾಗದ ಯಾರದ್ದು ಅನ್ನುವುದು ಕಡತದ ಮೇಲೆ ಬರೆದಿರುತ್ತದೆ. ಅದಕ್ಕೆ ಮುಂದೆ ಏನಾಗಬೇಕು ಅನ್ನುವುದನ್ನು ಟ್ರೇ ಹೇಳಬೇಕು.

ನಿಮ್ಮ ಕೆಲಸಕ್ಕೆ ನಾಲ್ಕು ಹೆಸರು ಸಾಕು. ಬಂದದ್ದು. ನಮೂದಿಸಬೇಕಾದದ್ದು. ಗಿರಾಕಿಯನ್ನು ಕೇಳಬೇಕಾದದ್ದು. ಸಲ್ಲಿಸಿ ಮುಗಿದದ್ದು. ಒಬ್ಬ ಗಿರಾಕಿಯ ಒಂದು ತಿಂಗಳ ಬಿಲ್ಲೆಲ್ಲಾ ಒಂದು ಬಟ್ಟೆ ಅಂಟಿಸಿದ ದಪ್ಪ ಕವರಿನಲ್ಲಿರಲಿ. ಆ ಕವರು ಒಂದು ಟ್ರೇಯಿಂದ ಇನ್ನೊಂದಕ್ಕೆ ಹೋಗುತ್ತಾ ಇರಲಿ.

ಮೂರನೆಯದನ್ನು ಮರೀಬೇಡಿ. ನಂಬರ್ ಇಲ್ಲದ ಬಿಲ್ಲು, ಅರ್ಧ ಹರಿದ ಬಿಲ್ಲು, ಯಾರದ್ದು ಅಂತ ತಿಳಿಯದ ಚೀಟಿ, ಇವೆಲ್ಲಾ ಟೇಬಲ್ ಮೇಲೆ ಉಳಿಯುವುದು ಅವಕ್ಕೆ ಒಂದು ಜಾಗ ಇಲ್ಲದ ಕಾರಣಕ್ಕೆ.

ಬಿಡದಿ_ಲೈನ್

ಸರ್ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ವಾಹನದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿದ್ದೇನೆ. ನಮ್ಮಲ್ಲಿ ಫೈವ್ ಎಸ್ ಅಂತ ಜಪಾನಿನ ಪದ್ಧತಿ ಇದೆ. ಸೆಯಿರಿ, ಸೆಯಿಟೊನ್, ಸೆಯಿಸೊ, ಸೆಯಿಕೆತ್ಸು, ಶಿತ್ಸುಕೆ. ಬೇಡದ್ದನ್ನು ತೆಗೆಯುವುದು, ಬೇಕಾದ್ದಕ್ಕೆ ಜಾಗ ಕೊಡುವುದು, ಸ್ವಚ್ಛ ಮಾಡುವುದು, ಅದನ್ನೇ ಪದ್ಧತಿ ಮಾಡುವುದು, ಬಿಡದೆ ಪಾಲಿಸುವುದು. ಈ ಕ್ರಮಕ್ಕೆ ಅರ್ಥ ಇದೆ. ಟ್ರೇ, ಸ್ಟ್ಯಾಂಡ್ ಎಲ್ಲಾ ಬರುವುದು ಎರಡನೇ ಹೆಜ್ಜೆಯಲ್ಲಿ. ಜನ ಮೊದಲ ಹೆಜ್ಜೆ ಬಿಟ್ಟು ಸೀದಾ ಅಂಗಡಿಗೆ ಹೋಗುತ್ತಾರೆ. ಆಗ ಬೇಡದ ವಸ್ತುವಿಗೂ ಒಂದು ಚಂದದ ಮನೆ ಕಟ್ಟಿದ ಹಾಗಾಗುತ್ತದೆ.

ಲೈನಿನಲ್ಲಿ ನಾವು ಅನುಮಾನ ಇರುವ ವಸ್ತುವಿಗೆ ಕೆಂಪು ಚೀಟಿ ಅಂಟಿಸಿ ತಾರೀಕು ಬರೆದು ಪಕ್ಕಕ್ಕೆ ಇಡುತ್ತೇವೆ. ಗೊತ್ತು ಮಾಡಿದ ದಿನದೊಳಗೆ ಯಾರೂ ಕೇಳದಿದ್ದರೆ ಅದು ಅಲ್ಲಿಂದ ಹೋಗುತ್ತದೆ. ಮನೆಯಲ್ಲೂ ಮಾಡಬಹುದು. ಒಂದು ರಟ್ಟಿನ ಪೆಟ್ಟಿಗೆ ತಗೊಂಡು ಟೇಬಲ್ ಮೇಲಿದ್ದದ್ದೆಲ್ಲಾ ಅದಕ್ಕೆ ಹಾಕಿ. ಕೆಲಸಕ್ಕೆ ಬೇಕಾದಾಗ ಮಾತ್ರ ಒಂದೊಂದೇ ಹೊರಗೆ ತೆಗೆಯಿರಿ. ಒಂದು ರಿಟರ್ನ್ ಸುತ್ತು ಮುಗಿಯುವ ಹೊತ್ತಿಗೆ ಹೊರಗೆ ಎಷ್ಟು ಬಂದಿದೆಯೋ ಅಷ್ಟಕ್ಕೆ ಮಾತ್ರ ಸ್ಟ್ಯಾಂಡ್ ಬೇಕು. ಆಮೇಲೆ ಅಳತೆ ತಗೊಂಡು ಕೊಳ್ಳಿ.

ಒಂದೇ ಒಂದು ಭಿನ್ನಾಭಿಪ್ರಾಯ. ಒಂದರ ಮೇಲೊಂದು ಮಲಗಿಸುವ ಟ್ರೇ ಬೇಡ. ಕಾಗದವನ್ನು ನೆಟ್ಟಗೆ ನಿಲ್ಲಿಸುವ ಗೂಡು ತಗೊಳ್ಳಿ. ಮಲಗಿಸಿದ ರಾಶಿಯಲ್ಲಿ ಅಡಿಯಲ್ಲಿರುವುದು ಯಾವಾಗಲೂ ಹಿಂದೆ ಬೀಳುತ್ತದೆ. ಮೊದಲು ಬಂದದ್ದು ಕೊನೆಗೆ ಕೈಗೆ ಸಿಗುತ್ತದೆ, ಅಲ್ವಾ?

ತುಮಕೂರು_ಟಪಾಲು

ಅದೂ ಒಪ್ಪುವ ಮಾತೇ. ಆದರೆ ಬಿಡಿ ಕಾಗದ ನಿಲ್ಲಿಸಿದರೆ ಕುಸಿಯುತ್ತದೆ, ಮೂಲೆ ಮಡಚಿಕೊಳ್ಳುತ್ತದೆ. ಕವರಿನಲ್ಲಿ ಹಾಕಿದ್ದು ನಿಲ್ಲಿಸಬಹುದು. 'ಬಂದದ್ದು' ಅನ್ನುವ ಒಂದು ಟ್ರೇ ಮಾತ್ರ ಮಲಗಿಸುವುದೇ ಇರಲಿ. ಯಾರಾದರೂ ಬಂದು ಬಿಲ್ಲು ಕೊಟ್ಟರೆ ತಕ್ಷಣ ಇಡಲು ಬೇಕು. ಫ್ಯಾನ್ ಇರುವ ಮನೆಯಲ್ಲಿ ಆ ಟ್ರೇಗೆ ಒಂದು ಪೇಪರ್ ವೇಟ್ ಕೂಡ ಬೇಕು.

ಕೋರ್ಟ್_ರಸ್ತೆ_ಧಾರವಾಡ

ಮೇಡಂ, ನೀವು 'ಉದ್ದನೆಯ ಹಳೇ ಕಾಗದ' ಅಂದಿರಿ. ಅದು ಲೀಗಲ್ ಸೈಜ್ ಇರಬೇಕು. ದಯವಿಟ್ಟು ಕೊಳ್ಳುವ ಮೊದಲು ಅಳತೆ ಪಟ್ಟಿ ಹಿಡಿಯಿರಿ. ಎ4 ಉದ್ದ 297 ಮಿ.ಮೀ. ಲೀಗಲ್ ಉದ್ದ 356 ಮಿ.ಮೀ. ಹತ್ತಿರ ಹತ್ತಿರ ಆರು ಸೆಂಟಿಮೀಟರ್ ವ್ಯತ್ಯಾಸ. ಆನ್‌ಲೈನ್‌ನಲ್ಲಿ ಸಿಗುವ ಎಷ್ಟೋ ಟ್ರೇಗಳು ಎ4 ಲೆಕ್ಕದಲ್ಲೇ ಮಾಡಿದವು. ಲೀಗಲ್ ಕಾಗದ ಇಟ್ಟರೆ ತುದಿ ಹೊರಗೆ ಬಾಗಿ ನೇತಾಡುತ್ತದೆ, ಬೇಗ ಹರಿಯುತ್ತದೆ.

ನಮ್ಮ ವಕೀಲರ ಕಚೇರಿಯಲ್ಲಿ ಎರಡೂ ಸೈಜ್ ಇದೆ. ಸುಪ್ರೀಂ ಕೋರ್ಟ್ 2020ರ ಏಪ್ರಿಲ್‌ನಿಂದ ಎ4 ಹಾಳೆಗೆ ಬಂತು. ಆದರೆ ಹಳೆಯ ಕ್ರಯಪತ್ರ, ಹಳೆಯ ಕೇಸು ಕಾಗದ ಎಲ್ಲಾ ಉದ್ದನೆಯದೇ. ಆದ್ದರಿಂದ ದೊಡ್ಡ ಸೈಜಿಗೆ ತಕ್ಕಂತೆ ಗೂಡು ತಗೊಂಡರೆ ಸಣ್ಣದು ಹೇಗೂ ಹಿಡಿಯುತ್ತದೆ.

ಇನ್ನೊಂದು, ತೂಕ. 75 ಜಿಎಸ್‌ಎಂನ (ಚದರ ಮೀಟರಿಗೆ 75 ಗ್ರಾಂ ತೂಗುವ) 500 ಹಾಳೆಯ ಒಂದು ಎ4 ಕಟ್ಟು ಸುಮಾರು 2.3 ಕೆ.ಜಿ. ಬರುತ್ತದೆ. ಮೂರು ಅಂತಸ್ತಿನ ಟ್ರೇ ತುಂಬಿದರೆ ಏಳು ಕೆ.ಜಿ. ತೆಳು ಪ್ಲಾಸ್ಟಿಕ್ಕಿನ ಟ್ರೇ ನಡುವೆ ಬಾಗುತ್ತದೆ. ಒಂದರ ಮೇಲೊಂದು ಸಿಕ್ಕಿಸುವ ಕಾಲುಗಳು ಮೊದಲು ಜಾರುತ್ತವೆ. ಅಂಗಡಿಯಲ್ಲೇ ಮೇಲಿನ ಟ್ರೇಯನ್ನು ಅಂಗೈಯಿಂದ ಒತ್ತಿ ನೋಡಿ. ಅಲ್ಲಾಡಿದರೆ ಬಿಟ್ಟುಬಿಡಿ.

ಕಡಲಗಾಳಿ_ಉಡುಪಿ

ಯಾವ ವಸ್ತುವಿನದ್ದು ಅಂತ ಕೇಳಿದ್ದೀರಲ್ಲ, ಅದಕ್ಕೆ ಉತ್ತರ ನಿಮ್ಮ ಊರಿನ ಹವೆ. ನಮ್ಮ ಕರಾವಳಿಯಲ್ಲಿ ಎಂಡಿಎಫ್ ಸುತರಾಂ ಬೇಡ ಅನ್ನುತ್ತೇನೆ. ಅದು ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ. ಮೇಲಿನ ಹಾಳೆ ಚಂದ ಕಾಣುತ್ತದೆ. ಆದರೆ ಕತ್ತರಿಸಿದ ಅಂಚಿನಿಂದ ತೇವ ಒಳಗೆ ಹೋಗುತ್ತದೆ. ಹಲಗೆ ಉಬ್ಬುತ್ತದೆ, ಸ್ಕ್ರೂ ಸಡಿಲ ಆಗುತ್ತದೆ. ಒಮ್ಮೆ ಉಬ್ಬಿದ್ದು ಒಣಗಿದರೂ ಮೊದಲಿನ ಅಳತೆಗೆ ಬರುವುದಿಲ್ಲ. ಬಿದಿರಿನದ್ದು ಒಳ್ಳೆಯದೇ, ಆದರೆ ಎಣ್ಣೆ ಅಥವಾ ಪಾಲಿಶ್ ಇಲ್ಲದಿದ್ದರೆ ಜೂನ್, ಜುಲೈಯಲ್ಲಿ ಬೂಷ್ಟು ಹಿಡಿಯುತ್ತದೆ.

ಜಾಲರಿಯ ಕಬ್ಬಿಣದ್ದು ತಗೊಂಡರೆ ಪೌಡರ್ ಕೋಟಿಂಗ್ ಚೆನ್ನಾಗಿದೆಯಾ ನೋಡಿ. ಬೆಸುಗೆ ಹಾಕಿದ ಮೂಲೆಗಳಲ್ಲಿ ಬಣ್ಣ ಎದ್ದಿದ್ದರೆ ತುಕ್ಕು ಅಲ್ಲಿಂದಲೇ ಶುರು. ತುಕ್ಕಿನ ಕಲೆ ಗಿರಾಕಿಯ ಕಾಗದಕ್ಕೆ ಹತ್ತಿದರೆ ಹೋಗುವುದಿಲ್ಲ. ಆದರೆ ದಾವಣಗೆರೆ ಒಣ ಊರು. ನಿಮಗೆ ಇದು ಅಷ್ಟು ದೊಡ್ಡ ಚಿಂತೆ ಅಲ್ಲ. ಅಲ್ಲಿ ಧೂಳು ಜಾಸ್ತಿ. ಜಾಲರಿಯಲ್ಲಿ ಕೂತ ಧೂಳು ತೆಗೆಯಲು ಹಳೆಯ ಪೇಂಟ್ ಬ್ರಶ್ ಇಟ್ಟುಕೊಳ್ಳಿ. ಗುಂಡುಪಿನ್ನು ಮಾತ್ರ ಜಾಲರಿ ಡಬ್ಬಿಯಲ್ಲಿ ಹಾಕಬೇಡಿ, ಕಣ್ಣುಗಳಲ್ಲಿ ತೂರಿ ಬೆರಳಿಗೆ ಚುಚ್ಚುತ್ತದೆ.

ಎಡಗೈ_ಬರಹ

ಎಲ್ಲರೂ ಪೆನ್ ಸ್ಟ್ಯಾಂಡ್ ಬಲಕ್ಕೆ ಇಡಿ ಅನ್ನುತ್ತಾರೆ. ಬರೆಯುವ ಕೈ ಯಾವುದೋ ಆ ಕಡೆ ಪೆನ್ನು, ಇನ್ನೊಂದು ಕಡೆ ಫೋನ್ ಮತ್ತು ಕಾಗದದ ಗೂಡು. ನನ್ನಂತಹ ಎಡಚರಿಗೆ ಎಲ್ಲಾ ತಿರುಗಮುರುಗ ಆಗಬೇಕು. ಒಂದೇ ತುಂಡಿನಲ್ಲಿ ಫೋನ್ ಜಾಗ, ಪೆನ್ ಜಾಗ, ಚೀಟಿ ಜಾಗ ಎಲ್ಲಾ ಕೂಡಿಸಿ ಮಾಡಿದ ಸ್ಟ್ಯಾಂಡ್‌ಗಳು ನಮಗೆ ಆಗಲ್ಲ. ಬಿಡಿಬಿಡಿಯಾಗಿ ಕೊಂಡರೆ ಬೇಕಾದ ಹಾಗೆ ಜೋಡಿಸಬಹುದು. ಟೇಬಲ್ ಬದಲಾದರೂ ನಡೆಯುತ್ತದೆ.

ಬಿಡದಿ_ಲೈನ್

ಒಳ್ಳೆಯ ಮಾತು. ಇದಕ್ಕೆ ನಾವು ಕೈ ಅಳತೆ ಅನ್ನುತ್ತೇವೆ. ಮೊಣಕೈ ಮೈಗೆ ತಾಗಿಸಿ ಮುಂಗೈ ಅರ್ಧವೃತ್ತವಾಗಿ ಆಡಿಸಿ. ಅಷ್ಟು ಜಾಗ ಬರೆಯಲು ಮತ್ತು ಪದೇ ಪದೇ ಬೇಕಾಗುವುದಕ್ಕೆ. ಕೈ ಪೂರ್ತಿ ಚಾಚಿದರೆ ಸಿಗುವ ಜಾಗದಲ್ಲಿ ದಿನಕ್ಕೆ ಕೆಲವು ಸಲ ಬೇಕಾಗುವ ಕವರು, ಕ್ಯಾಲ್ಕುಲೇಟರ್, ಸ್ಟೇಪ್ಲರ್. ಎದ್ದು ತರಬೇಕಾದ ಜಾಗದಲ್ಲಿ ಮುಗಿದ ತಿಂಗಳ ಕಾಗದ. ಎರಡಡಿ ಅಗಲದ ಟೇಬಲ್‌ನಲ್ಲಿ ಹಿಂದಿನ ಅರ್ಧ ಅಡಿಯೇ ನಿಮ್ಮ ಗೂಡಿನ ಜಾಗ. ಅದಕ್ಕಿಂತ ಮುಂದೆ ಬಂದರೆ ಮೊಣಕೈಗೆ ತಾಗುತ್ತದೆ.

ದಾವಣಗೆರೆ_ಲೆಕ್ಕ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕವರು ಗಿರಾಕಿಯದ್ದು, ಟ್ರೇ ಕೆಲಸದ್ದು ಅನ್ನುವುದು ನನಗೆ ಹೊಳೆದೇ ಇರಲಿಲ್ಲ. ನನ್ನ ಕೆಲಸ ಓಡುವುದೇ ತಾರೀಕಿನ ಮೇಲೆ. ತಿಂಗಳಿಗೊಮ್ಮೆ ಸಲ್ಲಿಸುವವರಿಗೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1 ಮುಂದಿನ ತಿಂಗಳ 11ಕ್ಕೆ, ತೆರಿಗೆ ಲೆಕ್ಕ ಹಾಕಿ ಕಟ್ಟುವ 3ಬಿ 20ಕ್ಕೆ. ಹಾಗಾದರೆ '11ರ ಒಳಗೆ' ಮತ್ತು '20ರ ಒಳಗೆ' ಅಂತ ಎರಡು ಗೂಡು ಮಾಡಿದರೆ? ಮಾರಾಟದ ಬಿಲ್ಲು ಮೊದಲನೆಯದಕ್ಕೆ, ಖರೀದಿ ಬಿಲ್ಲು ಎರಡನೆಯದಕ್ಕೆ.

ತುಮಕೂರು_ಟಪಾಲು

ಬಹಳ ಚೆನ್ನಾಗಿದೆ. ನನ್ನ 'ನಮೂದಿಸಬೇಕಾದದ್ದು' ಅನ್ನುವುದನ್ನು ಒಡೆದು ಈ ಎರಡು ಮಾಡಿ. ಹೆಸರು ನಿಮ್ಮ ಕೆಲಸದ ಒಳಗಿನಿಂದ ಬಂದಾಗಲೇ ಅದು ಉಳಿಯುತ್ತದೆ. ಒಂದು ಎಚ್ಚರ. ಗಿರಾಕಿಗೆ ಒಂದೇ ಕವರು ಇದ್ದರೆ ಅದು ಎರಡು ಗೂಡಿನಲ್ಲಿ ಇರಲಾಗದು. ಮಾರಾಟಕ್ಕೊಂದು, ಖರೀದಿಗೊಂದು, ಎರಡು ಬಣ್ಣದ ಕವರು ಮಾಡಿ.

ಮೇಷ್ಟ್ರು_ಹಾಸನ

ಒಂದು ಮುಖ್ಯ ವಿಷಯ ಯಾರೂ ಹೇಳಲಿಲ್ಲ. ಅಂಗಡಿ, ಪೆಟ್ರೋಲ್ ಬಂಕ್, ಹೋಟೆಲ್‌ನಿಂದ ಬರುವ ನುಣುಪು ಕಾಗದದ ಚೀಟಿಗಳಿವೆಯಲ್ಲ, ಅವು ಥರ್ಮಲ್ ಕಾಗದ. ಅದರಲ್ಲಿ ಶಾಯಿ ಇರುವುದಿಲ್ಲ. ಬಿಸಿಗೆ ಕಪ್ಪಾಗುವ ಲೇಪ ಇರುತ್ತದೆ. ಬಿಸಿಲು, ಶಾಖ, ಕೆಲವು ಪ್ಲಾಸ್ಟಿಕ್ ಹಾಳೆಗಳ ಸಂಪರ್ಕ, ಇವೆಲ್ಲಾ ಅಕ್ಷರವನ್ನು ಅಳಿಸುತ್ತವೆ. ಕಿಟಕಿ ಪಕ್ಕದ ಪಾರದರ್ಶಕ ಅಕ್ರಿಲಿಕ್ ಡಬ್ಬದಲ್ಲಿ ಇಟ್ಟರೆ ನೋಡಲು ಚಂದ, ಆದರೆ ಕೆಲವು ತಿಂಗಳಲ್ಲಿ ಬಿಳಿ ಕಾಗದ ಮಾತ್ರ ಉಳಿಯುತ್ತದೆ. ಬಂದ ದಿನವೇ ಫೋಟೋ ತೆಗೆಯಿರಿ ಅಥವಾ ಜೆರಾಕ್ಸ್ ಮಾಡಿ ಜೊತೆಗೆ ಪಿನ್ ಮಾಡಿ. ಜಿಎಸ್‌ಟಿ ಕಾನೂನಿನಲ್ಲಿ ವಾರ್ಷಿಕ ರಿಟರ್ನ್‌ನ ಕೊನೆಯ ದಿನದಿಂದ 72 ತಿಂಗಳು ದಾಖಲೆ ಇಡಬೇಕು. ಅಷ್ಟು ದಿನ ಆ ಚೀಟಿ ಬಾಳುತ್ತದೆ ಅಂತ ನಂಬಬೇಡಿ.

ಡ್ರಾಯರ್ ಬಗ್ಗೆಯೂ ಹೇಳುತ್ತೇನೆ. ಒಂದೇ ಡ್ರಾಯರ್ ಅಂದಿರಿ. ಅದರೊಳಗೆ ವಿಭಾಗ ಮಾಡಲು ದುಡ್ಡು ಹಾಕಬೇಡಿ. ಮೊಬೈಲ್ ಡಬ್ಬ, ಚಪ್ಪಲಿ ಡಬ್ಬದ ಮುಚ್ಚಳ ಸಾಕು. ಮಿಠಾಯಿ ಡಬ್ಬ ಮಾತ್ರ ಬೇಡ, ತುಪ್ಪದ ಪಸೆಗೆ ಇರುವೆ, ಜಿರಳೆ ಬರುತ್ತವೆ. ಸಣ್ಣ ಸ್ಟೇಪ್ಲರ್‌ನ 10 ನಂಬರ್ ಪಿನ್ ಮತ್ತು ದೊಡ್ಡದರ 24/6 ಪಿನ್ ಬೇರೆ ಬೇರೆ ಕಡೆ ಇರಲಿ. ಜೆಮ್ ಕ್ಲಿಪ್, ಬೈಂಡರ್ ಕ್ಲಿಪ್, ರಬ್ಬರ್ ಸ್ಟ್ಯಾಂಪ್, ಇಂಕ್ ಪ್ಯಾಡ್ ಎಲ್ಲಾ ಡ್ರಾಯರ್‌ಗೆ ಹೋಗಲಿ.

ಖಾಲಿ_ಮೇಜು

ನಾನು ಬೇರೆ ದಾರಿ ಹೇಳುತ್ತೇನೆ. ಮೇಜಿನ ಮೇಲೆ ಏನೂ ಇರಬಾರದು. ಸ್ಟ್ಯಾಂಡ್ ಇಟ್ಟ ಕೂಡಲೇ ಅದು ತುಂಬುತ್ತದೆ. ಎಲ್ಲವನ್ನೂ ಪಕ್ಕದ ಕಪಾಟಿನಲ್ಲಿಟ್ಟು ಆಗ ಮಾಡುವ ಒಂದೇ ಕವರನ್ನು ಮೇಜಿಗೆ ತನ್ನಿ. ನನ್ನ ಮನಸ್ಸಿಗೆ ಇದರಿಂದ ಸಿಗುವ ನೆಮ್ಮದಿ ಬೇರೆ ಯಾವುದರಿಂದಲೂ ಸಿಕ್ಕಿಲ್ಲ.

ಕೋರ್ಟ್_ರಸ್ತೆ_ಧಾರವಾಡ

ನಿಮಗೆ ಅದು ಒಗ್ಗಿದೆ, ಸಂತೋಷ. ಆದರೆ ನನ್ನಂತಹವರಿಗೆ ಕಣ್ಣಿಗೆ ಕಾಣದ ಕಾಗದ ಮನಸ್ಸಿನಿಂದಲೂ ಹೋಗುತ್ತದೆ. ನಾಳೆಯ ಕೇಸಿನ ಕಡತ ಎದುರಿಗೆ ನಿಂತಿರಬೇಕು. ಕೊನೆಯ ದಿನಾಂಕ ಇರುವ ಕೆಲಸ ಮೇಜಿನ ಮೇಲೆ, ದಿನಾಂಕ ಇಲ್ಲದ್ದು ಕಪಾಟಿನಲ್ಲಿ. ಮೇಡಂ ಕೆಲಸದಲ್ಲಿ ಎಲ್ಲಕ್ಕೂ ದಿನಾಂಕ ಇದೆ. ಹಾಗಾಗಿ ಅವರಿಗೆ ಎದುರಿಗೆ ಕಾಣುವ ಗೂಡೇ ಸರಿ ಅನ್ನುವುದು ನನ್ನ ಅಭಿಪ್ರಾಯ. 20ನೇ ತಾರೀಕು ಆದ ಮೇಲೆ ಅದು ಖಾಲಿ ಕಾಣಬೇಕು, ಅಷ್ಟೇ.

ಖಾಲಿ_ಮೇಜು

ಒಪ್ಪಿದೆ. ದಿನಾಂಕದ ಭೇದ ಸರಿಯಾಗಿದೆ. ಹಾಗಿದ್ದರೂ ಹೂದಾನಿ, ಹಳೆಯ ಡೈರಿ, ಕಂಪನಿ ಕೊಟ್ಟ ಕ್ಯಾಲೆಂಡರ್, ಇವಕ್ಕೆ ಟೇಬಲ್ ಮೇಲೆ ಜಾಗ ಬೇಡ. ಕ್ಯಾಲೆಂಡರ್ ಗೋಡೆಗೆ ಹಾಕಿ.

ಬಣ್ಣದ_ಬುಗುರಿ

ಪೆನ್ ಸ್ಟ್ಯಾಂಡ್ ವಿಷಯ ಬಂದಿದ್ದಕ್ಕೆ ಬರೆಯುತ್ತಿದ್ದೇನೆ. ನಮ್ಮದು ಚನ್ನಪಟ್ಟಣ, ಮನೆಯವರು ಅರಗಿನ ಕೆಲಸ ಮಾಡುತ್ತಾರೆ. ಗೊಂಬೆ ಎಲ್ಲರಿಗೂ ಗೊತ್ತು. ಪೆನ್ ಸ್ಟ್ಯಾಂಡ್, ಕ್ಲಿಪ್ ಹಾಕುವ ಮುಚ್ಚಳದ ಡಬ್ಬಿಯನ್ನೂ ಮಾಡುತ್ತೇವೆ. ಆಲೆ ಮರವನ್ನು ಒಣಗಿಸಿ ಲೇತಿನಲ್ಲಿ ಕಡೆದು ರೂಪ ಕೊಡುತ್ತೇವೆ. ಮರ ತಿರುಗುತ್ತಿರುವಾಗಲೇ ಬಣ್ಣ ಸೇರಿಸಿದ ಅರಗಿನ ಕಡ್ಡಿ ಒತ್ತುತ್ತೇವೆ. ಉಜ್ಜುವ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಮೇಲೆ ತಾಳೆ ಗರಿ ಹಿಡಿದು ತೀಡಿದರೆ ಆ ಹೊಳಪು ಬರುತ್ತದೆ.

ಕೊಳ್ಳುವವರು ಎರಡು ವಿಷಯ ತಿಳಿದಿರಬೇಕು. ಅರಗಿಗೆ ಸ್ಪಿರಿಟ್ ಆಗುವುದಿಲ್ಲ. ಸ್ಯಾನಿಟೈಸರ್ ಹಾಕಿ ಒರೆಸಿದರೆ ಹೊಳಪು ಕರಗಿ ಅಂಟಂಟಾಗುತ್ತದೆ. ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು. ಹಾಗೇ ನೇರ ಬಿಸಿಲು, ಲ್ಯಾಪ್‌ಟಾಪಿನ ಬಿಸಿ ಗಾಳಿ ಬರುವ ಜಾಗದಿಂದ ದೂರ ಇಡಿ. ಅಕ್ರಿಲಿಕ್‌ಗೂ ಸ್ಪಿರಿಟ್ ಒಳ್ಳೆಯದಲ್ಲ, ಸಣ್ಣ ಸಣ್ಣ ಬಿರುಕು ಬರುತ್ತದೆ.

ಆಳ ನೋಡಿ ಕೊಳ್ಳಿ. ಸಾಮಾನ್ಯ ಪೆನ್ನು 14ರಿಂದ 15 ಸೆಂ.ಮೀ. ಇರುತ್ತದೆ. ಸ್ಟ್ಯಾಂಡ್ 9-10 ಸೆಂ.ಮೀ. ಎತ್ತರ ಇದ್ದರೆ ತೆಗೆಯಲು ಸುಲಭ. ಕತ್ತರಿ, ಸ್ಕೇಲ್ ಹಾಕುವುದಾದರೆ ತಳ ಅಗಲವಾಗಿ, ಭಾರವಾಗಿ ಇರಬೇಕು. ಇಲ್ಲದಿದ್ದರೆ ಉರುಳುತ್ತದೆ. ಶಾಯಿ ಪೆನ್ನನ್ನು ನಿಬ್ ಮೇಲೆ ಮಾಡಿ ನಿಲ್ಲಿಸಿ. ಬೋರ್ಡ್ ಮಾರ್ಕರ್ ಮಾತ್ರ ಮಲಗಿಸಿ ಇಡಿ.

ದಾವಣಗೆರೆ_ಲೆಕ್ಕ

ಇಷ್ಟು ವಿವರ ಯಾವ ಅಂಗಡಿಯವರೂ ಹೇಳಲಿಲ್ಲ. ಪೆನ್ ಸ್ಟ್ಯಾಂಡ್ ಚನ್ನಪಟ್ಟಣದ್ದೇ ತರಿಸುತ್ತೇನೆ. ಇನ್ನು ವೈರುಗಳ ವಿಷಯ. ಲ್ಯಾಪ್‌ಟಾಪ್, ಪ್ರಿಂಟರ್, ಫೋನ್, ರೂಟರ್, ಎಲ್ಲದರ ವೈರ್ ಕಾಲಿಗೆ ತೊಡರುತ್ತದೆ. ಮುಚ್ಚಿದ ಕೇಬಲ್ ಡಬ್ಬ ತಗೊಳ್ಳಲಾ?

ವೈರ್‌ಮನ್_ಶಿವಮೊಗ್ಗ

ಗಾಳಿ ಆಡಲು ತೂತು ಇಲ್ಲದ ಡಬ್ಬ ಬೇಡ ಅಕ್ಕ. ಅಡಾಪ್ಟರ್‌ಗಳು ಬಿಸಿ ಆಗುತ್ತವೆ. ಸ್ಪೈಕ್ ಗಾರ್ಡನ್ನು (ಹಲವು ಪ್ಲಗ್ ಹಾಕುವ ಪಟ್ಟಿ) ಟೇಬಲ್ ಹಲಗೆಯ ಕೆಳಗೆ, ಹಿಂಭಾಗಕ್ಕೆ ಸ್ಕ್ರೂ ಹಾಕಿ ಕೂರಿಸಿ. ನೆಲ ಒರೆಸುವಾಗ ನೀರು ತಾಗುವುದಿಲ್ಲ. ಹೆಚ್ಚಾದ ವೈರನ್ನು ಸಡಿಲವಾಗಿ ಸುತ್ತಿ ವೆಲ್ಕ್ರೋ ಪಟ್ಟಿ ಹಾಕಿ. ರಬ್ಬರ್ ಬ್ಯಾಂಡ್ ಬೇಸಿಗೆಯಲ್ಲಿ ಕರಗಿ ಅಂಟಿಕೊಳ್ಳುತ್ತದೆ. ಪ್ರತಿ ಪ್ಲಗ್ ಹತ್ತಿರ ಬಿಳಿ ಟೇಪಿನಲ್ಲಿ ಹೆಸರು ಬರೆಯಿರಿ. ಲೇಸರ್ ಪ್ರಿಂಟರ್ ಆಗಿದ್ದರೆ ಅದನ್ನು ಸ್ಪೈಕ್ ಗಾರ್ಡ್‌ಗೆ ಹಾಕದೆ ಗೋಡೆಯ ಪಾಯಿಂಟ್‌ಗೇ ಕೊಡಿ. ಶುರುವಾಗುವಾಗ ಜಾಸ್ತಿ ಕರೆಂಟ್ ಎಳೆಯುತ್ತದೆ.

ದಾವಣಗೆರೆ_ಲೆಕ್ಕ

ಸರಿ ಅಣ್ಣ, ಹಾಗೇ ಮಾಡಿಸುತ್ತೇನೆ. ಕೊನೆಯದಾಗಿ ಒಂದು. ಲೀಗಲ್ ಸೈಜ್ ನಿಲ್ಲಿಸುವ ಗೂಡು ಎಲ್ಲೂ ಸಿಗುತ್ತಿಲ್ಲ. ನಮ್ಮ ಬೀದಿಯಲ್ಲೇ ಬಡಗಿ ಇದ್ದಾರೆ. ಅವರಿಗೆ ಏನು ಅಳತೆ ಹೇಳಲಿ?

ಕೋರ್ಟ್_ರಸ್ತೆ_ಧಾರವಾಡ

ಮಾಡಿಸುವುದೇ ಒಳ್ಳೆಯದು ಮೇಡಂ. ಕವರನ್ನು ಉದ್ದ ಭಾಗ ಕೆಳಗೆ ಬರುವಂತೆ ನಿಲ್ಲಿಸಿ. ಒಳಗಿನ ಉದ್ದ 38 ಸೆಂ.ಮೀ. ಇರಲಿ. ನಡುವಿನ ಹಲಗೆಗಳ ಎತ್ತರ 18ರಿಂದ 20 ಸೆಂ.ಮೀ. ಸಾಕು. ಆಗ ಕವರಿನ ತಲೆ ಮೇಲೆ ಕಾಣುತ್ತದೆ, ಹೆಸರು ಓದಬಹುದು. ಒಂದೊಂದು ಗೂಡು ಒಳಗೆ 6 ಸೆಂ.ಮೀ. ಅಗಲ. ಅದಕ್ಕಿಂತ ಅಗಲ ಮಾಡಿದರೆ ಅರ್ಧ ಖಾಲಿ ಇದ್ದಾಗ ಕವರು ವಾಲುತ್ತದೆ. ಆರು ಗೂಡು, 12 ಮಿ.ಮೀ. ಪ್ಲೈವುಡ್, ಏಳು ನಿಲುವು ಹಲಗೆ, ಎಲ್ಲಾ ಕೂಡಿ ಸುಮಾರು 44 ಸೆಂ.ಮೀ. ಆಗುತ್ತದೆ. ನಿಮ್ಮ ನಾಲ್ಕಡಿ ಟೇಬಲ್ 122 ಸೆಂ.ಮೀ. ಲ್ಯಾಪ್‌ಟಾಪಿಗೂ ಬರೆಯಲಿಕ್ಕೂ 78 ಸೆಂ.ಮೀ. ಉಳಿಯುತ್ತದೆ. ಬಿಡದಿಯವರು ಹೇಳಿದ ಅರ್ಧ ಅಡಿಗೆ ಇದು ಹಿಡಿಯುವುದಿಲ್ಲ, ಆದ್ದರಿಂದ ನೀವು ಬರೆಯದ ಕೈಯ ಕಡೆ, ತುದಿಗೆ ತಾಗಿಸಿ ಇಡಿ.

ಕಡಲಗಾಳಿ_ಉಡುಪಿ

ಪ್ಲೈವುಡ್ ಬಿಡಬ್ಲ್ಯೂಆರ್ ಗ್ರೇಡ್ ಕೇಳಿ, ಅಂದರೆ ಕುದಿಯುವ ನೀರನ್ನೂ ತಡೆಯುವಂಥದ್ದು. ಅದರ ಮೇಲೆ ಐಎಸ್ 303 ಅಂತ ಮುದ್ರೆ ಇರುತ್ತದೆ. ತೇವ ಮಾತ್ರ ತಡೆಯುವ ಎಂಆರ್ ಗ್ರೇಡಿಗೂ ಅದೇ ನಂಬರ್, ಹಾಗಾಗಿ ಗ್ರೇಡ್ ಹೆಸರನ್ನೇ ಓದಿ. ನಿಮ್ಮ ಊರಿನ ಹವೆಗೆ ಎಂಆರ್ ಕೂಡ ನಡೆಯುತ್ತದೆ, ಬೆಲೆ ಕಡಿಮೆ. ಅಂಚುಗಳಿಗೆ ಪಟ್ಟಿ ಹಚ್ಚಿಸಿ, ಇಲ್ಲದಿದ್ದರೆ ಸಿಬಿರು ಎದ್ದು ಕವರು ಹರಿಯುತ್ತದೆ. ಬಡಗಿಯ ಹತ್ತಿರ ಉಳಿದ ತುಂಡು ಹಲಗೆ ಇದ್ದರೆ ಕೇಳಿ, ಇಷ್ಟು ಸಣ್ಣ ಕೆಲಸಕ್ಕೆ ಪೂರ್ತಿ ಶೀಟು ಕೊಳ್ಳಬೇಕಿಲ್ಲ.

ತುಮಕೂರು_ಟಪಾಲು

ಆರು ಗೂಡಿನಲ್ಲಿ ಮೂರು ನಿಮಗೆ ಗೊತ್ತಾಗಿವೆ, 11, 20, ಕೇಳಬೇಕಾದದ್ದು. ನಾಲ್ಕನೆಯದು ಮುಗಿದದ್ದು. ಅದನ್ನು ತಿಂಗಳಿಗೊಮ್ಮೆ ಬಾಕ್ಸ್ ಫೈಲಿಗೆ ಹಾಕಿ ಕಪಾಟಿಗೆ ಸೇರಿಸಿ. ಉಳಿದ ಎರಡಕ್ಕೆ ಈಗಲೇ ಹೆಸರು ಬರೆಯಬೇಡಿ. ಕೆಲಸ ನಡೆಯುತ್ತಾ ಒಂದು ಜಾತಿಯ ಕಾಗದ ಜಾಗ ಇಲ್ಲದೆ ಒದ್ದಾಡುವುದು ಕಾಣುತ್ತದೆ. ನೋಟಿಸ್ ಇರಬಹುದು, ಬ್ಯಾಂಕಿನ ಕಾಗದ ಇರಬಹುದು. ಆಗ ಬರೆಯಿರಿ. ಹೆಸರನ್ನು ಪೆನ್ಸಿಲ್‌ನಲ್ಲಿ ಬರೆದು ಚೀಟಿ ಸಿಕ್ಕಿಸುವ ಹಾಗೆ ಮುಂದಿನ ಅಂಚಿಗೆ ಒಂದು ಸಣ್ಣ ಕಾಲುವೆ ಕೊರೆಯಲು ಬಡಗಿಗೆ ಹೇಳಿ.